ವಿಮಾನ ಹೋಗುವ ಊರು

ಲಂಕೆಯಿಂದ ಹೊರಟ ಪುಷ್ಪಕವಿಮಾನವು ನೇರವಾಗಿ ಅಯೋಧ್ಯೆಯಲ್ಲಿ ಇಳಿಯಲಿಲ್ಲವೆಂಬುದು ವಾಲ್ಮೀಕಿರಾಮಾಯಣವನ್ನು ಓದಿದವರಿಗೆ ತಿಳಿದ ಸಂಗತಿ. ಸೀತೆಯ ಅಪೇಕ್ಷೆಯಂತೆ ಕಿಷ್ಕಿಂಧೆಯಲ್ಲಿ ನಿಂತು ವಾನರಸ್ತ್ರೀಯರನ್ನು ಹತ್ತಿಸಿಕೊಂಡಿತು. ಮುಂದೆ ಭರದ್ವಾಜರ ಆಶ್ರಮದಲ್ಲಿಯೂ ಇಳಿಯಿತು. ಅದು ಏರಿದವರ ಮನಸ್ಸನ್ನರಿತು ನಡೆಯುವ ವಿಮಾನ. ನಮ್ಮ ಕಾಲದ ವಿಮಾನಕ್ಕೆ ಆ ಗುಣವಿಲ್ಲ. ಅದು ಹೋಗುವಲ್ಲಿಗೆ ನಾವು ಹೋಗಬೇಕು. ಆದುದರಿಂದಲೇ ಈಚೆಗೆ ರಜೆ ಬಂತೆಂದರೆ, ‘ಯಾವ ಊರನ್ನು ನೋಡೋಣ?’ ಎಂದು ಕೇಳುವವರಿಗಿಂತ ‘ಎಲ್ಲಿಗೆ ನೇರ ವಿಮಾನವಿದೆ? ದರವೆಷ್ಟು?’ ಎಂದು ಕೇಳುವವರೇ ಹೆಚ್ಚು.

ನಮ್ಮ ಶಿವಮೊಗ್ಗೆಗೆ ಈ ಪ್ರಶ್ನೆ ಹೊಸದು. ಸೋಗಾನೆಯಲ್ಲಿ ಕಮಲದ ಆಕಾರದಲ್ಲಿ ಕಟ್ಟಿದ, ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಹೊತ್ತ ವಿಮಾನನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದಿತು. ನವೆಂಬರಿನಲ್ಲಿ ಹೈದರಾಬಾದು, ತಿರುಪತಿ, ಗೋವೆಗಳಿಗೆ ಸಂಚಾರ ಆರಂಭವಾಯಿತು. ಅಂದಿನಿಂದ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯ ಭೂಗೋಳವೇ ಬದಲಾಯಿತೆನ್ನಬೇಕು. ಚಾರ್ಮಿನಾರಿನ ಮಾತನ್ನು ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಎತ್ತದಿದ್ದ ಮಿತ್ರರೊಬ್ಬರು ಸಂಸಾರಸಮೇತ ಅದನ್ನು ನೋಡಿ ಬಂದರು. ‘ಏನು ಸ್ವಾಮಿ, ಇದ್ದಕ್ಕಿದ್ದಂತೆ?’ ಎಂದರೆ, ‘ವಿಮಾನವಿತ್ತು’ ಎಂದರು. ಪರ್ವತವನ್ನು ಏಕೆ ಏರಿದಿರೆಂದು ಕೇಳಿದರೆ ಮೆಟ್ಟಿಲಿತ್ತು ಎಂದಂತಾಯಿತು!

ನಗುವುದು ಸುಲಭ, ಆದರೆ ಇದರಲ್ಲಿ ನ್ಯಾಯವೂ ಉಂಟು. ಸಂಬಳಗಾರನಿಗೆ ರಜೆ ನಾಲ್ಕು ದಿನ. ಹೋಗಿಬರುವುದರಲ್ಲಿಯೇ ಎರಡು ದಿನ ಕಳೆದರೆ ಊರು ನೋಡುವುದು ಯಾವಾಗ? ಸಣ್ಣ ಊರಿನವರಿಗೂ ವಿಮಾನ ನಿಲುಕಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿ ‘ಉಡಾನ್’ ಯೋಜನೆಯನ್ನು ರೂಪಿಸಿತು. 2017ರ ಏಪ್ರಿಲಿನಲ್ಲಿ ಶಿಮ್ಲಾ–ದೆಹಲಿ ಮಾರ್ಗದಲ್ಲಿ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ, ವಿಮಾನದ ಅರ್ಧದಷ್ಟು ಆಸನಗಳಿಗೆ, ಆರಂಭದಲ್ಲಿ 2,500 ರೂಪಾಯಿಗಳ ಮಿತಿಯನ್ನು ವಿಧಿಸಿದರು. ಅದರಿಂದಾಗುವ ಕೊರತೆಯನ್ನು ಮೂರು ವರ್ಷ ಕಾಲ ತುಂಬಿಕೊಡುವ ಏರ್ಪಾಟಾಯಿತು.

ಊರುಗೋಲನ್ನು ತೆಗೆದ ಮೇಲೆ ನಡೆಯಬಲ್ಲವೆಷ್ಟು ಎಂಬುದು ಬೇರೆಯ ಪ್ರಶ್ನೆ. ಲೆಕ್ಕಪರಿಶೋಧಕರ 2023ರ ವರದಿಯಂತೆ, ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿಕೊಟ್ಟ 774 ಮಾರ್ಗಗಳಲ್ಲಿ ಸಂಚಾರ ಆರಂಭವಾದುದು 371ರಲ್ಲಿ. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್ ವೇಳೆಗೆ ಉಳಿದುಕೊಂಡಿದ್ದವು 54 ಮಾತ್ರ. ನಮ್ಮ ಬೀದರಿನಲ್ಲಿಯೇ 2020ರಲ್ಲಿ ಆರಂಭವಾದ ಸಂಚಾರ ನಡುನಡುವೆ ನಿಂತು, ಮತ್ತೆ ಮೊದಲಾಯಿತು. ನೇರ ವಿಮಾನವೆಂಬುದು ಮಳೆಗಾಲದ ತೊರೆಯಂತೆ. ಇಂದು ಹರಿಯುತ್ತಿದೆಯೆಂದು ಮುಂದಿನ ವರ್ಷವೂ ಹರಿದೀತೆಂದು ನಂಬಿ ಕೂರುವಂತಿಲ್ಲ.

‘ನೇರ’ ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಿ ನೋಡಬೇಕು. ನಡುವೆ ಒಂದು ಊರಿನಲ್ಲಿ ಇಳಿದು, ಕೆಲವರನ್ನು ಇಳಿಸಿ, ಅದೇ ಸಂಖ್ಯೆಯಲ್ಲಿ ಮುಂದೆ ಹಾರುವ ವಿಮಾನಕ್ಕೂ ನೇರ ವಿಮಾನವೆಂದೇ ಹೆಸರು. ಎಲ್ಲಿಯೂ ನಿಲ್ಲದ್ದು ಬೇಕಾದರೆ ಹಾಗೆಂದೇ ವಿಚಾರಿಸಬೇಕು. ಅಗ್ಗವೆಂಬುದೂ ಹಾಗೆಯೇ. ಗೋವೆಯಲ್ಲಿ ದಕ್ಷಿಣಕ್ಕೆ ದಾಬೋಲಿಂ, ಉತ್ತರಕ್ಕೆ ಮೋಪಾ ಎಂದು ಎರಡು ನಿಲ್ದಾಣಗಳಿವೆ. ಒಂದರಲ್ಲಿ ಇಳಿದು ಮತ್ತೊಂದು ತುದಿಯಲ್ಲಿ ಕೋಣೆ ಹಿಡಿದರೆ, ಟಿಕೆಟ್ಟಿನಲ್ಲಿ ಉಳಿಸಿದ್ದನ್ನು ಟ್ಯಾಕ್ಸಿಗೆ ತೆರಬೇಕು. ಬೆಂಗಳೂರಿನಿಂದ ಟಿಕೆಟ್ಟು ಅಗ್ಗವೆನ್ನುವವರು ಇಲ್ಲಿಂದ ಅಲ್ಲಿಗೆ ಹೋಗುವ ಮುನ್ನೂರು ಕಿಲೋಮೀಟರನ್ನೂ, ಅಲ್ಲಿಂದ ದೇವನಹಳ್ಳಿಯ ಕಡೆಗಿನ ದಾರಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಮನೆಯ ಬಾಗಿಲಿನಿಂದ ಉಳಿಯುವ ಕೋಣೆಯ ಬಾಗಿಲಿನವರೆಗೆ ಆಗುವುದೇ ನಿಜವಾದ ದರ.

ಇಷ್ಟೆಲ್ಲ ಲೆಕ್ಕ ಬಲ್ಲ ನಾನು 2024ರ ಬೇಸಿಗೆಯಲ್ಲಿ ಮನೆಯಲ್ಲಿ ಒಂದು ಸಭೆ ಸೇರಿಸಿದೆ. ಮಕ್ಕಳಿಗೆ ಗೋವೆಯ ಕಡಲು ಬೇಕಿತ್ತು. ದರವೂ ಅನುಕೂಲವಾಗಿತ್ತು. ಠರಾವು ಮಂಡನೆಯಾಗಿ ಅಂಗೀಕಾರವಾಗುವುದರಲ್ಲಿತ್ತು. ಆಗ ಮೂಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ತಾಯಿಯವರು ಮೆಲ್ಲಗೆ, ‘ಆ ವಿಮಾನ ತಿರುಪತಿಗೂ ಹೋಗುತ್ತದಂತೆ, ಹೌದೇನೋ?’ ಎಂದು ಕೇಳಿದರು. ಹೌದೆಂದೆ. ಅವರು ಎದ್ದು ಹೋಗಿ, ದೇವರ ಗೂಡಿನಿಂದ ಅರಿಸಿನದ ಬಟ್ಟೆಯ ಒಂದು ಗಂಟನ್ನು ತಂದು ನಮ್ಮ ನಡುವೆ ಇಟ್ಟರು.

ಅದು ನನ್ನ ಹೆಸರಿನ ಮುಡಿಪು. ಐದು ವರ್ಷದವನಾಗಿದ್ದಾಗ ನನಗೆ ವಿಷಮಶೀತಜ್ವರ ಬಂದು, ಬದುಕುವುದೇ ಅನುಮಾನವಾದಾಗ ತಂದೆಯವರು ಕಟ್ಟಿಟ್ಟದ್ದು. ಅವರು ಅದನ್ನು ತಲುಪಿಸದೆಯೇ ತೀರಿಕೊಂಡರು. ತಾಯಿಯವರು ನನ್ನ ಪ್ರತಿ ಹುಟ್ಟುಹಬ್ಬಕ್ಕೂ ಅದರಲ್ಲೊಂದು ನಾಣ್ಯ ಸೇರಿಸುತ್ತಿದ್ದರು. ನಾನು ಪ್ರತಿ ರಜೆಯಲ್ಲಿಯೂ, ‘ದೂರ, ಬೆಂಗಳೂರಿನಲ್ಲಿ ಬಸ್ಸು ಬದಲಿಸಬೇಕು, ನಿಮ್ಮ ಮಂಡಿ ತಡೆಯುವುದಿಲ್ಲ’ ಎನ್ನುತ್ತಿದ್ದೆ. ಅವರ ಮಂಡಿಗೆ ನೋವು ಬರುವ ಮೊದಲೂ ನಾನು ದೂರವೆಂದೇ ಹೇಳುತ್ತಿದ್ದೆನೆಂಬುದು ಅಂದು ನೆನಪಾಯಿತು.

ಗೋವೆಯ ಠರಾವು ಬಿದ್ದುಹೋಯಿತು. ಮಕ್ಕಳೇ ಅದನ್ನು ಹಿಂತೆಗೆದುಕೊಂಡರು. ಸೋಗಾನೆಯ ತಪಾಸಣೆಯಲ್ಲಿ ಗಂಟನ್ನು ಬಿಚ್ಚಿ ತೋರಿಸಬೇಕಾಯಿತು. ತಾಯಿಯವರು ಒಂದು ಕ್ಷಣ ಹಿಂಜರಿದು, ತಾವೇ ಬಿಚ್ಚಿದರು. 2011ರಲ್ಲಿಯೇ ಚಲಾವಣೆ ನಿಂತ ನಾಲ್ಕಾಣೆಯ ನಾಣ್ಯಗಳು ಅದರಲ್ಲಿ ಹಲವಿದ್ದವು. ನಾನು ದೂರ ದೂರವೆನ್ನುತ್ತಿದ್ದಾಗ ಹಣಕ್ಕೇ ವಯಸ್ಸಾಗಿ ಹೋಗಿತ್ತು.

ಸುಮಾರು ಒಂದು ಗಂಟೆಯಲ್ಲಿ ರೇಣಿಗುಂಟದ ನಿಲ್ದಾಣದಲ್ಲಿ ಇಳಿದೆವು. ದೂರದಲ್ಲಿ ಏಳು ಬೆಟ್ಟಗಳ ಸಾಲು ಕಾಣುತ್ತಿತ್ತು. ತಾಯಿಯವರು ಗಾಲಿಕುರ್ಚಿಯಲ್ಲಿ ಕುಳಿತು ಅತ್ತ ನೋಡುತ್ತ, ‘ಇಷ್ಟೇ ದೂರವೇನೋ?’ ಎಂದರು. ಆಕ್ಷೇಪಣೆಯಲ್ಲ, ಆಶ್ಚರ್ಯ. ಆದರೂ ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯವರ ಕಾಲಕ್ಕೆ ವಿಮಾನವಿರಲಿಲ್ಲ ಎನ್ನಬಹುದಾಗಿತ್ತು. ಆದರೆ ಬಸ್ಸು ಇತ್ತು. ಅವರ ಕಾಲುಗಳೂ ಆಗ ಗಟ್ಟಿಯಾಗಿದ್ದವು.

ವಿಮಾನ ಹೋಗುವ ಊರಿಗೇ ಹೋಗುವುದು ತಪ್ಪೆಂದು ನಾನಿಂದು ಹೇಳಲಾರೆ. ಅದರಿಂದಲೇ ನಮ್ಮ ಮನೆಯ ಒಂದು ಋಣ ತೀರಿತು. ಆದರೆ ವಿಮಾನ ದಾರಿಯನ್ನು ಕಿರಿದು ಮಾಡಬಲ್ಲದೇ ಹೊರತು ಹೋಗುವ ಕಾರಣವನ್ನು ಹುಡುಕಿಕೊಡಲಾರದು. ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ರಜೆ ಹತ್ತಿರ ಬಂದಾಗ ವೇಳಾಪಟ್ಟಿಯನ್ನು ನೋಡಿ, ದರವನ್ನೂ ನೋಡಿ; ಅದಕ್ಕೆ ಮೊದಲು ಮನೆಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತವರನ್ನು ಒಂದು ಮಾತು ಕೇಳಿ. ಅವರು ಹೇಳುವ ಊರೂ ವಿಮಾನ ಹೋಗುವ ಊರೂ ಒಂದೇ ಆದರೆ, ಮುಂದಿನ ವರ್ಷಕ್ಕೆಂದು ಇಡಬೇಡಿ.