ಅನಾಥ ಬೆಕ್ಕಿನ ಮರಿಗೆ ಕೆಲದಿನಗಳ ಮನೆ

ಕೃಷ್ಣದೇವರಾಯನು ಪ್ರಜೆಗಳಿಗೆ ಬೆಕ್ಕನ್ನೂ ಅದಕ್ಕೆ ಹಾಲೆರೆಯಲೆಂದು ಹಸುವನ್ನೂ ಹಂಚಿದ ಕಥೆಯನ್ನು ಕೇಳದ ಕನ್ನಡಿಗರ ಮಕ್ಕಳಿಲ್ಲ. ತೆನಾಲಿ ರಾಮಕೃಷ್ಣನು ಕುದಿಯುವ ಹಾಲನ್ನಿಟ್ಟು, ಹಾಲೆಂದರೆ ಓಡುವ ಬೆಕ್ಕನ್ನು ಸಿದ್ಧಪಡಿಸಿದನೆಂಬುದು ಅದರ ವಿನೋದ. ವಿನೋದವನ್ನು ಬದಿಗಿರಿಸಿದರೆ, ಪರರ ಪ್ರಾಣಿಯನ್ನು ಕೆಲಕಾಲ ಮನೆಯಲ್ಲಿ ಸಾಕಿ ಮರಳಿ ಒಪ್ಪಿಸುವ ಏರ್ಪಾಡೊಂದು ಆ ಕಥೆಯಲ್ಲಿದೆ. ಇಂದು ಪ್ರಾಣಿದಯಾ ಕಾರ್ಯಕರ್ತರು ‘ಫಾಸ್ಟರಿಂಗ್’ ಎನ್ನುವುದು ಬಹುಮಟ್ಟಿಗೆ ಇದನ್ನೇ. ಬೀದಿಯಿಂದ ಎತ್ತಿತಂದ ಮರಿಯನ್ನು ಶಾಶ್ವತ ಮನೆ ದೊರೆಯುವವರೆಗೆ ಒಂದು ಕುಟುಂಬವು ಪಾಲಿಸುತ್ತದೆ. ಅದು ಸ್ವಂತದ ಆಸ್ತಿಯಲ್ಲ. ನಂಬಿ ಒಪ್ಪಿಸಿದ ಠೇವಣಿ.

ಮುಂಬಯಿಯ ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಷಾ ಪೆಟಿಟ್ ಪ್ರಾಣಿ ಆಸ್ಪತ್ರೆಯು 1883ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಆದರೆ ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಕಣ್ಣು ಬಿಡದ ಮರಿಗೆ ಅದು ತಕ್ಕ ಸ್ಥಳವಲ್ಲ. ಹಲವು ರೋಗಿಗಳು ಸೇರುವಲ್ಲಿ ಸೋಂಕು ಬೇಗ ತಗಲುತ್ತದೆ. ಎರಡು ಗಂಟೆಗೊಮ್ಮೆ ಹಾಲೂಡಿಸುವಷ್ಟು ಕೈಗಳೂ ಅಲ್ಲಿರುವುದಿಲ್ಲ. ಆದ್ದರಿಂದಲೇ ಮನೆಗಳು ಬೇಕಾಗುತ್ತವೆ.

ಠಾಕುರ್ಲಿಯಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಮೀಟರ್ ಕೋಣೆ, ಜಿನೆಯ ಕೆಳಗಿನ ಮೂಲೆ, ನಿಂತ ಕಾರಿನ ಅಡಿ, ಇಂಥೆಡೆಗಳಿಂದ ಮರಿಗಳ ಕೂಗು ಕೇಳಿಬರುವುದು ಅಪರೂಪವಲ್ಲ. ಕೂಗು ಕೇಳಿದೊಡನೆ ಎತ್ತಿಕೊಂಡು ಬರುವುದು ಮಾತ್ರ ದುಡುಕು. ತಾಯಿಯು ಆಹಾರಕ್ಕೆ ಹೋಗಿರಬಹುದು. ಮರಿಗಳು ಬೆಚ್ಚಗೆ, ಅಪಾಯವಿಲ್ಲದೆ ಇದ್ದಲ್ಲಿ ಕೆಲವು ಗಂಟೆ ದೂರದಿಂದ ಕಾಯುವುದೇ ಲೇಸು. ತಾಯಿಗಿಂತ ಉತ್ತಮ ಪಾಲಕರಿಲ್ಲ.

ತಾಯಿ ಬಾರದಿದ್ದರೆ ಮೊದಲು ಏಳುವ ಪ್ರಶ್ನೆ, ಮನೆಯಲ್ಲಿ ಯಾರಿರುತ್ತಾರೆ ಎಂಬುದು. ಇಲ್ಲಿಂದ ಮುಂಬಯಿಗೆ ದುಡಿಯಲು ಹೋಗುವವರು ನಿಧಾನದ ಲೋಕಲ್ಲನ್ನೇ ಹಿಡಿಯಬೇಕು. ಬೆಳಿಗ್ಗೆ ಹೋದವರು ಮರಳುವಾಗ ರಾತ್ರಿ. ಎರಡು ವಾರದೊಳಗಿನ ಮರಿಗೆ ಹಗಲಿರುಳೂ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಹೀಗಾಗಿ ಈ ಕಾರ್ಯದ ಭಾರವೆಲ್ಲ ಮನೆಯ ಅಜ್ಜಿಯ ಮೇಲೋ ಗೃಹಿಣಿಯ ಮೇಲೋ ಬೀಳುತ್ತದೆ. ಅವರನ್ನು ಕೇಳದೆ ಮಕ್ಕಳ ಹಟಕ್ಕೆ ಒಪ್ಪುವ ಯಜಮಾನರು ಪರರ ದುಡಿಮೆಯಿಂದ ಪುಣ್ಯ ಗಳಿಸುವವರೆಂದೇ ಹೇಳಬೇಕು. ಎಲ್ಲರೂ ಹೊರಗೆ ಹೋಗುವ ಮನೆಯವರು ಎಂಟು ವಾರ ದಾಟಿ ತಾನೇ ತಿನ್ನುವ ಮರಿಯನ್ನು ಕೇಳಿಕೊಳ್ಳಬಹುದು.

ಮೈ ತಣ್ಣಗಾದ ಮರಿಗೆ ಮೊದಲು ಶಾಖ, ಅನಂತರ ಹಾಲು. ತಣ್ಣಗಿರುವ ಹೊಟ್ಟೆ ಹಾಲನ್ನು ಜೀರ್ಣಿಸಲಾರದು. ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ ಸಾಕು. ಹಸುವಿನ ಹಾಲು ಭೇದಿಯನ್ನು ಉಂಟುಮಾಡುತ್ತದೆ. ಭೇದಿಯಿಂದ ಇಷ್ಟು ಸಣ್ಣ ಜೀವವು ಒಂದೆರಡು ದಿನದಲ್ಲೇ ಹೋಗಬಹುದು. ಬೆಕ್ಕಿನ ಮರಿಗಳಿಗಾಗಿಯೇ ತಯಾರಾದ ಹಾಲಿನ ಪುಡಿಯನ್ನು ಬಳಸಬೇಕು. ಮನುಷ್ಯ ಶಿಶುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವುದು. ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು. ಪ್ರತಿ ಸಲವೂ ಒದ್ದೆಯಾದ ಬೆಚ್ಚನೆಯ ಹತ್ತಿಯಿಂದ ಕೆಳಭಾಗವನ್ನು ಮೆಲ್ಲಗೆ ಸವರದಿದ್ದರೆ ಎಳೆಯ ಮರಿ ಮೂತ್ರ ವಿಸರ್ಜಿಸದು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿಯು ದಿನಕ್ಕೆ ಸುಮಾರು 10 ಗ್ರಾಂ ಏರಬೇಕು. ಅಡಿಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡುವ ಕೆಲಸವನ್ನು ಮಕ್ಕಳಿಗೆ ವಹಿಸಬಹುದು. ತೂಕ ನಿಂತ ದಿನವೇ ವೈದ್ಯರಲ್ಲಿಗೆ ಹೋಗಬೇಕು.

ನಾಲ್ಕನೆಯ ವಾರದಲ್ಲಿ ಗಟ್ಟಿ ಆಹಾರ ಆರಂಭವಾಗುತ್ತದೆ. ನಮ್ಮವರ ಅನೇಕ ಶಾಕಾಹಾರಿ ಮನೆಗಳಲ್ಲಿ ತೊಡಕು ಬರುವುದೇ ಇಲ್ಲಿ. ಮೊಸರನ್ನ ತಿಂದು ಬೆಳೆದ ಬೆಕ್ಕಿನ ಕಥೆ ಎಲ್ಲರ ಬಾಯಲ್ಲೂ ಇದೆ. ಅದು ಹೊರಗೆ ಹಿಡಿದು ತಿಂದ ಇಲಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಎಂಬ ದ್ರವ್ಯವು ಅನಿವಾರ್ಯ. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟವು ಕೆಡುವುದೆಂದು 1975ರಲ್ಲೂ, ಹೃದಯವು ದುರ್ಬಲವಾಗುವುದೆಂದು 1987ರಲ್ಲೂ ವಿಜ್ಞಾನಿಗಳು ಪ್ರಕಟಿಸಿದರು. ಮನೆಯೊಳಗೇ ಕೂಡಿಹಾಕಿದ ಮರಿಗೆ ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಸಿದ್ಧ ಆಹಾರವನ್ನು ಬಾಲ್ಕನಿಯಲ್ಲಾದರೂ ಇಡಲು ಮನಸ್ಸು ಒಪ್ಪದಿದ್ದರೆ, ಈ ಕಾರ್ಯಕ್ಕೆ ಕೈ ಹಾಕದಿರುವುದೇ ಪ್ರಾಮಾಣಿಕತೆ.

ಮನೆಯವರ ಆರೋಗ್ಯದ ವಿಚಾರದಲ್ಲಿ ಅತಿ ಭಯವೂ ಬೇಡ, ಅಲಕ್ಷ್ಯವೂ ಬೇಡ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯು ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಮಲದ ತಟ್ಟೆಯನ್ನು ನಿತ್ಯವೂ ಶುಚಿಮಾಡಿದರೆ ಅಪಾಯ ಬಹಳ ಕಡಿಮೆ. ಗರ್ಭಿಣಿಯರು ಮಾತ್ರ ಆ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಮಕ್ಕಳ ಚರ್ಮದಲ್ಲಿ ದುಂಡಗಿನ ಕೆಂಪು ಕಲೆಗಳೆದ್ದರೆ ಅದು ಮರಿಯಿಂದ ಬಂದ ಹುಳುಕಡ್ಡಿಯಿರಬಹುದು, ಇಬ್ಬರಿಗೂ ಚಿಕಿತ್ಸೆಯಾಗಬೇಕು. ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗಾಗಿ ವೈದ್ಯರನ್ನು ಕಾಣಬೇಕು. ಅರಿಸಿನ ಹಚ್ಚಿ ಸುಮ್ಮನಾಗುವುದು ಪ್ರಾಣಕ್ಕೇ ಮುಳುವಾದೀತು.

ನಮ್ಮಿಂದ ಬೆಕ್ಕಿಗಾಗುವ ಅಪಾಯಗಳೂ ಉಂಟು. ನೆಲ ಒರೆಸುವ ಫಿನಾಯಿಲ್ ಅದಕ್ಕೆ ವಿಷ. ಜ್ವರವೆಂದು ಕೊಟ್ಟ ಒಂದು ಪ್ಯಾರಾಸಿಟಮಾಲ್ ಮಾತ್ರೆ ಅದನ್ನು ಕೊಲ್ಲಬಲ್ಲುದು. ಮೇಲಂತಸ್ತಿನ ಕಿಟಕಿಗಳಿಗೆ ಜಾಲರಿ ಇರಲೇಬೇಕು. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಡಬೇಕು; ಪ್ಯಾನ್‌ಲ್ಯೂಕೋಪೀನಿಯಾ ಎಂಬ ಮಾರಕ ರೋಗದ ವೈರಾಣು ಮನೆಯ ವಸ್ತುಗಳಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಆರರಿಂದ ಎಂಟನೆಯ ವಾರದಲ್ಲಿ ಇದರ ಲಸಿಕೆಯೂ ಹನ್ನೆರಡನೆಯ ವಾರದ ಹೊತ್ತಿಗೆ ರೇಬೀಸ್ ಲಸಿಕೆಯೂ ಆಗಬೇಕು. ಬೇಸತ್ತು ಮರಿಯನ್ನು ಮತ್ತೆ ಬೀದಿಗೆ ಬಿಟ್ಟು ಉಪವಾಸಕ್ಕೆ ಗುರಿಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಇಷ್ಟೆಲ್ಲ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ‘ಊರಿಗೆ ಹೋಯಿತು’ ಎಂಬ ಸುಳ್ಳು ಸಲ್ಲದು. ಉಳಿದ ಮರಿಯನ್ನು ಒಪ್ಪಿಸುವ ದಿನ ಇನ್ನೂ ಕಠಿಣ. ತೂಕ ಬರೆದ ಪುಸ್ತಕವನ್ನೂ ಮರಿಯ ಬುಟ್ಟಿಯನ್ನೂ ಹಿಡಿದುಕೊಂಡು ಮಗುವೇ ಹೊಸ ಮನೆಗೆ ಹೋಗಲಿ, ಅಲ್ಲಿಯ ಕಿಟಕಿಗಳ ಜಾಲರಿಯನ್ನು ತಾನೇ ನೋಡಿಬರಲಿ. ಮರಿ ಮಲಗುತ್ತಿದ್ದ ಹಳೆಯ ಸೀರೆಯ ತುಂಡನ್ನು ಒಗೆಯದೆ ಜೊತೆಗೆ ಕೊಡಬೇಕು. ಪರಿಚಿತ ವಾಸನೆಯಿದ್ದರೆ ಮರಿಗೆ ಮೊದಲ ರಾತ್ರಿಯ ದಿಗಿಲು ಕಡಿಮೆಯಾಗುತ್ತದೆ.