ಬಾನಿಗೂ ಕಡಲಿಗೂ ಬೆಂಬಲವಾದ ಕಾಯಕ

ಸವಾಯಿ ಗಂಧರ್ವರ ಕುಂದಗೋಳದಲ್ಲಿ ಸಂಗೀತೋತ್ಸವ ಕೇಳಿದವರಿಗೆಲ್ಲ ಒಂದು ಸಂಗತಿ ಅನುಭವವೇದ್ಯ. ಹಾಡಿದವರ ಹೆಸರು ನಾಲ್ಕೂರಿಗೆ ಹಬ್ಬುತ್ತದೆ. ಅವರ ಬೆನ್ನ ಹಿಂದೆ ಕುಳಿತು ತಂಬೂರಿ ಮಿಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಶ್ರುತಿ ತಪ್ಪಿದರೆ ಗಾಯನವೇ ಕೆಡುತ್ತದೆ. ಬಾಹ್ಯಾಕಾಶಯಾನ, ಸಮುದ್ರಶೋಧನೆಗಳೆಂಬ ಮಹಾಸಾಹಸಗಳೂ ಹೀಗೆಯೇ ಹಿಂದೆ ಕುಳಿತವರ ಕಾಯಕವನ್ನು ನೆಚ್ಚಿ ನಿಂತಿವೆ.

ಇದನ್ನು ಬರೆಯಲು ಕಾರಣವಿದೆ. ಈಚೆಗೆ ಕಲಘಟಗಿ ಕಡೆಯ ರೈತರೊಬ್ಬರು ನಮ್ಮಲ್ಲಿಗೆ ಬಂದು, "ಅಯ್ಯಾವ್ರ, ಹುಡುಗ ಐ.ಟಿ.ಐ. ಸೇರಿ ವೆಲ್ಡಿಂಗ್ ಕಲೀತೇನಿ ಅಂತಾನ್ರಿ. ಬೀಗರ ಮುಂದ ಹ್ಯಾಂಗ ಹೇಳೂದ್ರಿ? ಎರಡ ಎಕರೆ ಮಾರಿ ಇಂಜಿನಿಯರಿಂಗ್‌ಗೆ ಹಚ್ಚಬೇಕಂತ ಮಾಡೇನ್ರಿ" ಎಂದರು. ನಾವು ಕೂಡಲೇ ಉತ್ತರಿಸಲಿಲ್ಲ. ಹಲವು ವರ್ಷಗಳ ಹಿಂದೆ ಇಂಥದೇ ಪ್ರಶ್ನೆಗೆ "ಹೊಲ ಮಾರಿಯಾದರೂ ಓದಿಸಿರಿ" ಎಂದಿದ್ದೆವು. ಹೊಲ ಹೋಯಿತು, ಮನಸ್ಸಿಲ್ಲದ ವಿದ್ಯೆ ಆ ಹುಡುಗನಿಗೆ ಹತ್ತಲಿಲ್ಲ. ಆ ತಪ್ಪು ಇಂದಿಗೂ ನಮ್ಮನ್ನು ಕಾಡುತ್ತದೆ. ಈ ಸಲ ಓದಿ, ತಿಳಿದವರನ್ನು ವಿಚಾರಿಸಿ, ಆಮೇಲೆ ಆ ರೈತರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಬೆಂಗಳೂರಿನ ಹೊರವಲಯದಲ್ಲಿ ಬ್ಯಾಲಾಳು ಎಂಬ ಹಳ್ಳಿಯಿದೆ. ನಗರದ ರೇಡಿಯೋ ಗದ್ದಲ ತಾಗದಂತೆ ತಟ್ಟೆಯಾಕಾರದ ತಗ್ಗು ನೆಲವನ್ನು ಆರಿಸಿ, ಅಲ್ಲಿ ೧೮ ಮೀಟರ್ ಮತ್ತು ೩೨ ಮೀಟರ್ ವ್ಯಾಸದ ಎರಡು ಬೃಹತ್ ಆಂಟೆನಾಗಳನ್ನು ನಿಲ್ಲಿಸಿದರು. ೨೦೦೮ರ ಅಕ್ಟೋಬರಿನಲ್ಲಿ ಚಂದ್ರಯಾನ-೧ ಹೊರಟಾಗ ಅದರ ದನಿಯನ್ನು ಆಲಿಸಿದ್ದು ಈ ನೆಲೆ. ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳಯಾನ ತನ್ನ ಗುರಿ ಮುಟ್ಟಿದಾಗ ಅದರ ಸುದ್ದಿ ಭೂಮಿಗೆ ಬರಲು ಹನ್ನೆರಡು ನಿಮಿಷಕ್ಕೂ ಮಿಕ್ಕಿ ಸಮಯ ಹಿಡಿಯಿತು. ಅಷ್ಟು ದೂರದ ಕ್ಷೀಣ ದನಿಯನ್ನು ಹಿಡಿಯುವ ವ್ಯವಸ್ಥೆಯನ್ನು ನಮ್ಮ ನಾಡಿನಲ್ಲಿ ಕಟ್ಟಿದವರಲ್ಲಿ ಎಸ್.ಕೆ. ಶಿವಕುಮಾರ್ ಪ್ರಮುಖರು. ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಓದಿ ೧೯೭೬ರಲ್ಲಿ ಇಸ್ರೋ ಸೇರಿದ ಅವರು, ಉಪಗ್ರಹಗಳ ಜಾಡು ಹಿಡಿಯುವ ಕೇಂದ್ರದ ನಿರ್ದೇಶಕರಾಗಿ ದುಡಿದರು. ೨೦೧೦ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದಿತು. ೨೦೧೯ರಲ್ಲಿ ಅವರು ನಿಧನರಾದರು. ಅವರ ಹೆಸರಾದರೂ ನಮಗೆ ತಿಳಿಯಿತು. ಇರುಳು ಪಾಳಿಯಲ್ಲಿ ಆಂಟೆನಾ ಕಾದವರ ಹೆಸರು ತಿಳಿದವರಾರು?

ಇನ್ನು ಸಮುದ್ರದ ಮಾತು. ಮೂವರನ್ನು ೬೦೦೦ ಮೀಟರ್ ಆಳಕ್ಕೆ ಒಯ್ಯಲೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 'ಮತ್ಸ್ಯ-೬೦೦೦' ಎಂಬ ನೌಕೆಯನ್ನು ರೂಪಿಸಿದ್ದಾರೆ. ಆ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ೬೦೦ ಕಿಲೋ ಭಾರ ಬೀಳುತ್ತದೆ. ರೇಡಿಯೋ ಅಲೆ ಅಲ್ಲಿಗೆ ಇಳಿಯದು. ಮಾತೆಲ್ಲ ಶಬ್ದದ ಅಲೆಗಳ ಮೂಲಕವೇ ಸಾಗಬೇಕು. ಮೇಲಿನ ಹಡಗಿನಿಂದ ಕೇಳಿದ ಪ್ರಶ್ನೆ ತಳ ಮುಟ್ಟಲು ನಾಲ್ಕು ಸೆಕೆಂಡು ಬೇಕು. ಒಳಗಿನವರ ಪ್ರಾಣವೆಲ್ಲ ೮೦ ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಳವನ್ನು ನಂಬಿರುತ್ತದೆ. ಕಾದ ಟೈಟಾನಿಯಂ ಗಾಳಿ ತಾಕಿದರೆ ಪೆಡಸಾಗಿಬಿಡುತ್ತದೆ. ಆದ್ದರಿಂದ ಅದರ ಅರ್ಧಗೋಳಗಳನ್ನು ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸೆಯಬೇಕು. ಈ ಬೆಸುಗೆಯ ಹೊಣೆಯನ್ನು ಹೊತ್ತವರು ಯಾರೆಂದು ಬಲ್ಲಿರಾ? ರಾಕೆಟ್ಟು ಕಟ್ಟುವ ಇಸ್ರೋದವರೇ! ನೂರಾರು ಬಾರಿ ಬೆಸೆದು ನೋಡಿ, ಕೈ ಕುದುರಿದ ಮೇಲೆಯೇ ಅವರು ನಿಜವಾದ ಗೋಳಕ್ಕೆ ಕೈಹಚ್ಚಿದರು. ಬಾನಿಗೆ ಕಲಿತ ಕೈ ಕಡಲಿಗೂ ಒದಗಿತು.

ಬೆಸುಗೆ ಕೀಳು ಕೆಲಸವೆಂದು ಇನ್ನು ಹೇಳಬಹುದೇ?

ಎಸ್.ಎಸ್.ಎಲ್.ಸಿ.ಯೊಂದಿಗೆ ಐ.ಟಿ.ಐ. ಮುಗಿಸಿದ ಫಿಟ್ಟರ್, ವೆಲ್ಡರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್‌ಗಳನ್ನು ಇಸ್ರೋ ತಂತ್ರಜ್ಞರ ಹುದ್ದೆಗೆ ಆಯ್ದುಕೊಳ್ಳುತ್ತದೆ. ಡಿಪ್ಲೊಮಾ ಆದವರಿಗೂ ಹುದ್ದೆಗಳುಂಟು. ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ೨೦೧೯ರಿಂದ 'ಯುವಿಕಾ' ಎಂಬ ಶಿಬಿರವನ್ನು ನಡೆಸುತ್ತ ಬಂದಿದ್ದು, ಅದರ ಆಯ್ಕೆಯಲ್ಲಿ ಗ್ರಾಮೀಣ ಶಾಲೆಯ ಮಕ್ಕಳಿಗೆ ವಿಶೇಷ ಮನ್ನಣೆಯಿದೆ. ನವಲಗುಂದ, ಅಣ್ಣಿಗೇರಿಗಳ ಶಿಕ್ಷಕರು ಇದನ್ನು ಗಮನಿಸಬೇಕು. ಹೆಣ್ಣುಮಕ್ಕಳ ತಂದೆತಾಯಂದಿರಂತೂ ಅವಶ್ಯವಾಗಿ ಗಮನಿಸಬೇಕು. ಹಾಗೆಂದು ಐ.ಟಿ.ಐ. ಕಲಿತವರೆಲ್ಲ ಇಸ್ರೋ ಸೇರುವರೆಂದು ಆಸೆ ಹುಟ್ಟಿಸುವುದು ಸರಿಯಲ್ಲ. ಹುದ್ದೆಗಳು ಕೆಲವು, ಪರೀಕ್ಷೆ ಕಠಿಣ. ಆದರೆ ಚೆನ್ನಾಗಿ ಕಲಿತ ಕೈಗೆ ಬೇರೆಡೆಯೂ ಅನ್ನವುಂಟು. ಮಾರಿದ ಹೊಲ ಮಾತ್ರ ಮರಳಿ ಬರುವುದಿಲ್ಲ.

ಎಲ್ಲವನ್ನೂ ಕೇಳಿದ ಆ ರೈತರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಹುಡುಗನ್ನ ಒಂದ ಮಾತ ಕೇಳ್ತೇನ್ರಿ" ಎಂದು ಎದ್ದರು. ಆ ಒಂದು ಮಾತು ಪ್ರತಿ ಮನೆಯಲ್ಲಿಯೂ ಕೇಳಿಬರಲಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಾಲಗೆಯಲ್ಲಿ ನುಡಿಯುವ ನಾವು, ಮಕ್ಕಳ ವಿಷಯ ಬಂದಾಗಲೂ ಹಾಗೆಯೇ ನಡೆಯುವಂತಾಗಲಿ.