ಮಾಂಟೂ ಪರೀಕ್ಷೆಯ ಹಿಂದಿನ ವಿದುಷಿ

ಮಗುವಿಗೆ ಹದಿನೈದು ದಿನಗಳಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ಊಟದಲ್ಲಿ ಮನಸ್ಸಿಲ್ಲ. ವೈದ್ಯರು ಮುಂಗೈಯ ಚರ್ಮದೊಳಗೆ ಒಂದು ಹನಿ ದ್ರವವನ್ನು ಚುಚ್ಚಿ, ‘ಎರಡು ಮೂರು ದಿನ ಬಿಟ್ಟು ಬಂದು ತೋರಿಸಿರಿ’ ಎನ್ನುತ್ತಾರೆ. ಅಂದಿನಿಂದ ಮನೆಯವರ ಕಣ್ಣೆಲ್ಲ ಆ ಪುಟ್ಟ ಕೈಯ ಮೇಲೆ. ಆ ಹನಿಯನ್ನು ಶುದ್ಧಗೊಳಿಸಿದವರು ಯಾರೆಂದು ವಿಚಾರಿಸುವವರು ವಿರಳ.

ಕ್ಷಯದ ರೋಗಾಣುವನ್ನು 1882ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ ಜರ್ಮನಿಯ ರಾಬರ್ಟ್ ಕೋಖ್ ಅವರು, 1890ರಲ್ಲಿ ಅದೇ ರೋಗಾಣುವನ್ನು ಬೆಳೆಸಿದ ಸಾರಿನಿಂದ ಟ್ಯುಬರ್ಕ್ಯುಲಿನ್ ಎಂಬ ದ್ರವವನ್ನು ಸಿದ್ಧಪಡಿಸಿ, ಇದು ಕ್ಷಯಕ್ಕೆ ಮದ್ದೆಂದು ನಂಬಿದರು. ಅದು ಮದ್ದಾಗಲಿಲ್ಲ. ಆದರೆ ಸೋಂಕು ತಗುಲಿದವರ ಮೈ ಅದಕ್ಕೆ ಪ್ರತಿಕ್ರಿಯೆ ತೋರುತ್ತಿದ್ದುದರಿಂದ ರೋಗಪರೀಕ್ಷೆಗೆ ಒದಗಿತು. ಫ್ರಾನ್ಸಿನ ಚಾರ್ಲ್ಸ್ ಮಾಂಟೂ ಅವರು 1908ರಲ್ಲಿ ಅದನ್ನು ಚರ್ಮದೊಳಗೆ ಚುಚ್ಚುವ ಕ್ರಮವನ್ನು ಬಳಕೆಗೆ ತಂದರು. ತೊಡಕೆಂದರೆ, ಆ ದ್ರವದಲ್ಲಿ ಸಾರಿನ ಕಲ್ಮಷಗಳೂ ಬೆರೆತಿದ್ದವು. ಒಂದು ತಯಾರಿಕೆಯ ಬಲ ಇನ್ನೊಂದಕ್ಕಿರಲಿಲ್ಲ. ತೂಕದ ಕಲ್ಲೇ ದಿನಕ್ಕೊಂದು ತೂಕವಾದರೆ ತಕ್ಕಡಿಯನ್ನು ನಂಬುವುದೆಂತು?

ಈ ತೊಡಕನ್ನು ಬಿಡಿಸಿದವರು ಅಮೆರಿಕದ ಫ್ಲಾರೆನ್ಸ್ ಸೀಬರ್ಟ್. ಪೆನ್ಸಿಲ್ವೇನಿಯಾದ ಈಸ್ಟನ್ ಪಟ್ಟಣದಲ್ಲಿ 1897ರಲ್ಲಿ ಜನಿಸಿದ ಅವರಿಗೆ ಮೂರನೆಯ ವಯಸ್ಸಿನಲ್ಲಿಯೇ ಪೋಲಿಯೋ ತಗುಲಿ ನಡಿಗೆ ಕುಂಟಾಯಿತು. ವೈದ್ಯೆಯಾಗುವ ಆಸೆಯನ್ನು ಬಿಟ್ಟು ರಸಾಯನಶಾಸ್ತ್ರಕ್ಕೆ ಬಂದರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್‌ಗಾಗಿ ಅವರು ಹಿಡಿದ ವಿಷಯ ನೋಡಲು ಚಿಕ್ಕದು: ರಕ್ತನಾಳಕ್ಕೆ ಚುಚ್ಚುಮದ್ದು ಕೊಟ್ಟೊಡನೆ ಕೆಲವರಿಗೆ ಜ್ವರವೇಕೆ ಬರುತ್ತದೆ? ದೋಷ ಮದ್ದಿನದಲ್ಲ, ನೀರಿನದು. ಬಟ್ಟಿ ಇಳಿಸುವಾಗ ಆವಿಯೊಡನೆ ಹಾರಿಬರುವ ಸೂಕ್ಷ್ಮ ಹನಿಗಳಲ್ಲಿ ಬ್ಯಾಕ್ಟೀರಿಯಾದ ವಿಷಾಂಶ ಸೇರಿರುತ್ತಿತ್ತು. ಆ ಹನಿಗಳನ್ನು ತಡೆಯುವ ಉಪಕರಣವನ್ನೂ ಅವರೇ ರೂಪಿಸಿದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿಕೊಂಡ ನಾವೆಲ್ಲರೂ ಒಂದು ಬಗೆಯಲ್ಲಿ ಅವರಿಗೆ ಋಣಿಗಳೇ.

ಅನಂತರ ಷಿಕಾಗೋದಲ್ಲಿ ಡಾ. ಎಸ್ಮಂಡ್ ಲಾಂಗ್ ಅವರೊಡನೆ ಟ್ಯುಬರ್ಕ್ಯುಲಿನ್ ಕುರಿತ ಕೆಲಸ ತೊಡಗಿತು. 1932ರಲ್ಲಿ ಅದು ಫಿಲಡೆಲ್ಫಿಯಾದ ಹೆನ್ರಿ ಫಿಪ್ಸ್ ಸಂಸ್ಥೆಗೆ ಸಾಗಿತು. ತಂಗಿ ಮೇಬಲ್ ಸಹಾಯಕಿಯಾಗಿ ಜೊತೆಗಿದ್ದರು. ದ್ರವದಲ್ಲಿ ಪರಿಣಾಮಕಾರಿಯಾದ ಅಂಶ ಪ್ರೋಟೀನೆಂದು ತಿಳಿದು, ಅದನ್ನು ಬೇರ್ಪಡಿಸಿ ತೆಗೆಯುವುದರಲ್ಲಿ ವರುಷಗಳೇ ಕಳೆದವು. 1937ರಲ್ಲಿ ಸ್ವೀಡನ್ನಿನ ಉಪ್ಸಾಲಕ್ಕೆ ತೆರಳಿ, ನೊಬೆಲ್ ಪುರಸ್ಕೃತ ಸ್ವೆಡ್‌ಬೆರಿ ಅವರ ಪ್ರಯೋಗಶಾಲೆಯಲ್ಲಿ ಹೊಸ ವಿಧಾನಗಳನ್ನು ಕಲಿತು ಬಂದರು. ಅವರು ಸಿದ್ಧಪಡಿಸಿದ ಶುದ್ಧ ಪ್ರೋಟೀನು 1941ರಲ್ಲಿ ಅಮೆರಿಕದ ಮಾನಕವೂ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನಕವೂ ಆಯಿತು. ಪಿ.ಪಿ.ಡಿ. ಎಂಬ ಅಕ್ಷರಗಳ ಇತಿಹಾಸವಿದು. ನಿವೃತ್ತಿಯ ಬಳಿಕ ಅರ್ಬುದಕ್ಕೂ ಬ್ಯಾಕ್ಟೀರಿಯಾವೇ ಕಾರಣವೆಂದು ಅವರು ವಾದಿಸಿದ್ದನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಅದನ್ನು ಮುಚ್ಚಿಡಬೇಕಾಗಿಲ್ಲ, ಮೊದಲಿನ ಕೆಲಸ ಅದರಿಂದ ಕುಂದುವುದೂ ಇಲ್ಲ. ಅವರು ತೀರಿಕೊಂಡದ್ದು 1991ರಲ್ಲಿ.

ತಾಯಂದಿರಿಗೆ ಒಂದು ಮಾತು. ಕೈ ಎಷ್ಟು ಕೆಂಪಾಯಿತೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಬೆರಳಿಗೆ ತಾಗುವ ಗಟ್ಟಿ ಊತವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಊತ ಬಂದರೂ ಅದು ಸೋಂಕಿನ ಸೂಚನೆಯೇ ಹೊರತು ರೋಗದ ನಿರ್ಣಯವಲ್ಲ, ಬಿ.ಸಿ.ಜಿ. ಲಸಿಕೆಯಿಂದಲೂ ಬರಬಹುದು. ಸೊರಗಿದ ಮಗುವಿನಲ್ಲಿ ರೋಗವಿದ್ದೂ ಊತ ಬಾರದಿರಬಹುದು. ಆದುದರಿಂದಲೇ ಕಫಪರೀಕ್ಷೆ, ಎಕ್ಸ್-ರೇ, ಈಚೆಗೆ ರೋಗಾಣುವಿನ ಜೀನನ್ನೇ ಗುರುತಿಸುವ ಪರೀಕ್ಷೆ ಬೇಕಾಗುತ್ತವೆ. ಕೈ ಕೆಂಪಾಯಿತೆಂಬ ಒಂದೇ ಕಾರಣಕ್ಕೆ ಸೊಸೆಯನ್ನು ತವರಿಗೆ ಕಳುಹಿಸಿದ ಮನೆಯೊಂದನ್ನು ನಾನು ಬಲ್ಲೆ. ಆಕೆಗೆ ಕ್ಷಯವಿರಲಿಲ್ಲ. ಮರಳಿ ಕರೆತರಲು ಹಿರಿಯರು ಮೂರು ಸಲ ಆ ಊರಿಗೆ ಹೋಗಬೇಕಾಯಿತು.